ಹಾದಿಕ್ ಜನರಲ್ ಬೆನ್ನು ಹಿಡಿದು ಮೂರು ಗಂಟೆ: ಬುಡಾಪೆಸ್ಟ್‌ನ ಒಂದು ಗೈಡೆಡ್ ವಾಕ್

ಬುಡಾಪೆಸ್ಟ್‌ನಲ್ಲಿ ಗೈಡ್ ಜೊತೆ ನಡೆಯುವ ಟೂರ್‌ಗಳಿಗೆ ಲೆಕ್ಕವಿಲ್ಲ. ತಿಂಡಿ ಟೂರ್, ವೈನ್ ಟೂರ್, ಕಮ್ಯುನಿಸ್ಟ್ ಕಾಲದ ಟೂರ್, ದೆವ್ವದ ಟೂರ್ ಕೂಡ ಇದೆ. ಒಬ್ಬನೇ ಮನುಷ್ಯನ ಬದುಕನ್ನು ಹಿಡಿದುಕೊಂಡು ನಡೆಯುವ ಟೂರ್ ಕಡಿಮೆ. ನಾನು ಹೋಗಿದ್ದು ಅಂಥದ್ದಕ್ಕೆ. ಹಾದಿಕ್ ಆಂದ್ರಾಶ್ ಎಂಬ ಹಂಗೇರಿಯ ಕುದುರೆ ಪಡೆಯ ದಂಡನಾಯಕನ ಕತೆ. ಹುಟ್ಟಿದ್ದು 1710, ಸತ್ತದ್ದು 1790. ಇಲ್ಲಿನವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಟೂರ್ ನಡೆಸುವುದು ತೀರಾ ಸಣ್ಣ ಸಂಸ್ಥೆ. ಅದರ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೆಲವು ದೂರುಗಳಿವೆ. ಒಬ್ಬರಿಗೆ 9,500 ಫೋರಿಂಟ್. ಅದರಲ್ಲಿ ಕೊನೆಗೆ ಒಂದು ಕಾಫಿಯೂ ಸೇರಿದೆ. ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ನಾವು ಎಂಟು ಜನ ಇದ್ದೆವು. ನನ್ನ ಮಗಳು ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ, ಟಿಕೆಟ್ ಕೊಂಡವಳು ಅವಳೇ. ನಾನು ಬ್ಯಾಂಕ್ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತನಾದವನು. ಯಾರು ಏನು ಹೇಳಿದರೂ ಮೊದಲು ಅಂಕಿ ಎಲ್ಲಿ ಅಂತ ಹುಡುಕುವ ಚಾಳಿ ಇನ್ನೂ ಬಿಟ್ಟಿಲ್ಲ. ಈ ವಿಮರ್ಶೆಯನ್ನು ಹಾಗೇ ಓದಿಕೊಳ್ಳಿ.

ಸೇರುವ ಜಾಗ ಬುಡಾ ಕೋಟೆಯ ಮೇಲೆ, ಊರಿ ಬೀದಿ ಮತ್ತು ಸೆಂಟ್‌ಹಾರೊಮ್‌ಶಾಗ್ ಬೀದಿ ಕೂಡುವ ಮೂಲೆ. ಹಾದಿಕ್‌ನ ಕುದುರೆ ಮೇಲಿನ ಪ್ರತಿಮೆ ಅಲ್ಲೇ ಇದೆ. ಡೆಯಾಕ್ ಚೌಕದಿಂದ 16ನೇ ನಂಬರ್ ಬಸ್ ಹತ್ತಿದರೆ ಕೋಟೆಯ ಮೇಲೇ ಇಳಿಸುತ್ತದೆ. ಗೈಡ್ ಐವತ್ತರ ಆಸುಪಾಸಿನವರು, ದಪ್ಪ ಮೀಸೆ. ಬಿಡುವಿನ ದಿನಗಳಲ್ಲಿ ಹಳೇ ಹುಸಾರ್ ವೇಷ ತೊಟ್ಟು ಕುದುರೆ ಸವಾರಿ ಮಾಡುವ ಗುಂಪಿನಲ್ಲಿದ್ದಾರಂತೆ. ಹುಸಾರ್ ಅಂದರೆ ಹಂಗೇರಿಯ ಹಗುರ ಕುದುರೆ ಸವಾರ.

ಪ್ರತಿಮೆ ಚೆನ್ನಾಗಿದೆ. 1937ರಲ್ಲಿ ನಿಲ್ಲಿಸಿದ್ದು. ಮಾಡಿದವನು ವಾಶ್ತಾಗ್ ಗ್ಯೋರ್ಗಿ, ಅಪ್ಪನೂ ಅದೇ ಹೆಸರಿನ ಶಿಲ್ಪಿ, ಇವನು ಮಗ. ಯುರೋಪಿನಲ್ಲಿ ದಂಡನಾಯಕರ ಪ್ರತಿಮೆ ಅಂದರೆ ಕುದುರೆ ಮುಂಗಾಲೆತ್ತಿ ಕೆನೆಯುತ್ತಿರಬೇಕು, ಸವಾರ ಕತ್ತಿ ಬೀಸುತ್ತಿರಬೇಕು. ಇಲ್ಲಿ ಆ ಗದ್ದಲ ಇಲ್ಲ. ಕುದುರೆ ಸುಮ್ನೆ ನಿಂತಿದೆ. ಹಾದಿಕ್ ಹೆಸರು ಹೊತ್ತ 3ನೇ ಹುಸಾರ್ ರೆಜಿಮೆಂಟಿನ ನೆನಪಿಗೂ ಈ ಪ್ರತಿಮೆ ಸಲ್ಲುತ್ತದೆ.

ಆದರೆ ಅಲ್ಲಿ ನಿಂತವರು ನೋಡುವುದು ಹಾದಿಕ್‌ನನ್ನಲ್ಲ. ಕುದುರೆಯ ಹಿಂಗಾಲುಗಳ ನಡುವೆ. ಉಳಿದ ಕಂಚೆಲ್ಲ ಕಪ್ಪು ಹಸಿರಾಗಿದೆ, ಕುದುರೆಯ ಬೀಜ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗರು ಪರೀಕ್ಷೆಗೆ ಮುಂಚೆ ಬಂದು ಅದನ್ನು ಉಜ್ಜಿ ಹೋಗುತ್ತಾರೆ. ಉಜ್ಜಿದರೆ ಪಾಸಾಗುತ್ತಾರಂತೆ. ಮಗಳನ್ನು ನೋಡಿದೆ. "ಅಪ್ಪಾ, ನಾನು ಪಿಎಚ್.ಡಿ., ನನಗೆ ಪರೀಕ್ಷೆ ಇಲ್ಲ" ಅಂದಳು. ಉಜ್ಜಿಲ್ಲ ಅಂತ ಮಾತ್ರ ಹೇಳಲಿಲ್ಲ.

ಮೊದಲ ದೂರು ಇಲ್ಲೇ. ಟೂರ್‌ನ ಕಾಲು ಗಂಟೆಗಿಂತ ಜಾಸ್ತಿ ಈ ಬೀಜದ ಕತೆಗೇ ಹೋಯಿತು. ಎಲ್ಲರೂ ಫೋಟೋ ತೆಗೆಸಿಕೊಳ್ಳಬೇಕು, ನಗಬೇಕು, ಮತ್ತೆ ತೆಗೆಸಿಕೊಳ್ಳಬೇಕು. ಅಷ್ಟರಲ್ಲಿ ಇನ್ನೊಂದು ದೊಡ್ಡ ಗುಂಪು ಬಂತು, ನಮ್ಮವರು ಅವರಿಗೂ ಜಾಗ ಬಿಡಬೇಕಾಯಿತು. ಎಂಟು ದಶಕ ಬದುಕಿದ ಮನುಷ್ಯನ ಕತೆಗೆ ದುಡ್ಡು ಕೊಟ್ಟಿದ್ದೇವೆ, ಕುದುರೆಯದ್ದಕ್ಕಲ್ಲ.

ಅಲ್ಲಿಂದ ಮುಂದೆ ಟೂರ್ ದಾರಿಗೆ ಬಂತು. ಊರಿ ಬೀದಿಯ ಹಳೇ ಮನೆಗಳ ಹೆಬ್ಬಾಗಿಲು ದಾಟಿದರೆ ಕಮಾನಿನ ಕೆಳಗೆ, ಗೋಡೆಯೊಳಗೇ ಕೊರೆದ ಕಲ್ಲಿನ ಕೂರುಗೂಡುಗಳಿವೆ. ಮಧ್ಯಯುಗದವು. ಅಂಥ ಒಂದು ಬಾಗಿಲೊಳಗೆ ಗೈಡ್ ಮೊದಲೇ ಒಂದು ಟ್ರಂಕ್ ತಂದಿಟ್ಟಿದ್ದರು. ಒಳಗಿಂದ ಒಂದೊಂದೇ ಸಾಮಾನು ಹೊರಬಂತು. ಬಿಗಿ ಕೋಟು, ಅದರ ಹೆಸರು ದೊಲ್ಮಾನ್ಯ್. ಅದರ ಮೇಲೆ ಎಡ ಹೆಗಲಿಗೆ ನೇತುಹಾಕಿಕೊಳ್ಳುವ ತುಪ್ಪಳದ ಒಳಪದರವಿರುವ ಇನ್ನೊಂದು ಕೋಟು. ಚಳಿಯಲ್ಲಿ ತೊಡುತ್ತಿದ್ದರು, ಉಳಿದ ಹೊತ್ತು ಹೆಗಲ ಮೇಲೇ. ಬಾಗಿದ ಕತ್ತಿ. ಸೊಂಟದಿಂದ ಮೊಣಕಾಲವರೆಗೆ ಜೋಲುವ ಚಪ್ಪಟೆ ಚೀಲ. ಚಡ್ಡಿ ಅಷ್ಟು ಬಿಗಿ, ಜೇಬಿಗೆ ಜಾಗವೇ ಇಲ್ಲ, ಅದಕ್ಕೇ ಈ ಚೀಲ. ಕತ್ತಿಯನ್ನು ನಮ್ಮ ಕೈಗೂ ಕೊಟ್ಟರು. ಮೊಂಡು ಮಾಡಿದ್ದರು, ಸರಿಯೇ.

ಕೊನೆಗೆ ಜೀನು ಬಂತು. ಒಂದು ಮರದ ಸ್ಟ್ಯಾಂಡ್ ಮೇಲೆ ಅದನ್ನು ಏರಿಸಿಟ್ಟರು. ಇಡೀ ಟೂರ್‌ನಲ್ಲಿ ನನಗೆ ಕೊಟ್ಟ ಹಣ ವಸೂಲಾಯಿತು ಅನಿಸಿದ್ದು ಇಲ್ಲಿ.

ನಾನು ಜೀನು ಅಂದರೆ ದಪ್ಪ ಚರ್ಮದ ಮೆತ್ತೆ ಅಂದುಕೊಂಡಿದ್ದವನು. ಇದು ಹಾಗಿಲ್ಲ. ಉದ್ದನೆಯ ಎರಡು ಮರದ ಹಲಗೆ, ಕುದುರೆಯ ಬೆನ್ನುಮೂಳೆಯ ಎರಡೂ ಬದಿಗೆ ಕೂರುತ್ತವೆ. ಮುಂದೆ ಒಂದು ಕಮಾನು, ಹಿಂದೆ ಒಂದು ಕಮಾನು, ಹಲಗೆಗಳನ್ನು ಸೇರಿಸುತ್ತವೆ. ಎರಡು ಕಮಾನುಗಳ ನಡುವೆ ಚರ್ಮದ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದಾರೆ. ಸವಾರ ಕೂರುವುದು ಆ ಪಟ್ಟಿಯ ಮೇಲೆ, ಹುರಿ ಮಂಚದ ಮೇಲೆ ಕೂತ ಹಾಗೆ. ಅವನ ಭಾರ ಮೂಳೆಯ ಮೇಲೆ ಬೀಳುವುದೇ ಇಲ್ಲ, ಎರಡೂ ಬದಿಯ ಮಾಂಸದ ಮೇಲೆ ಹಂಚಿಹೋಗುತ್ತದೆ. ನಡುವೆ ಗಾಳಿ ಆಡುತ್ತದೆ. ಕೆಳಗೆ ಮಡಚಿದ ಕಂಬಳಿ. ವಾರಗಟ್ಟಲೆ ಓಡಿ ಕುದುರೆ ಸೊರಗಿದರೆ ಜೀನು ಸಡಿಲವಾಗುತ್ತದಲ್ವಾ? ಆಗ ಕಂಬಳಿಯನ್ನು ಇನ್ನೊಂದು ಮಡಿಕೆ ಹಾಕಿದರಾಯಿತು, ಮತ್ತೆ ಸರಿಯಾಗಿ ಕೂರುತ್ತದೆ. ಮುರಿದರೆ ಮರಗೆಲಸ ಬಲ್ಲವನು ದಾರಿಯಲ್ಲೇ ರಿಪೇರಿ ಮಾಡಬಹುದು. ಯುರೋಪಿನ ಬೇರೆ ಸೈನ್ಯಗಳು ಮುಂದೆ ಇದನ್ನೇ ನಕಲು ಮಾಡಿದವು.

ಗೈಡ್ ಇದನ್ನು ಹೇಳುವಾಗ ಜೋಕ್ ಮಾಡಲಿಲ್ಲ. ಕಂಬಳಿ ಮಡಚಿ ತೋರಿಸಿದರು, ಹಲಗೆ ತಿರುಗಿಸಿ ತೋರಿಸಿದರು, ನನ್ನ ಕೈ ಹಿಡಿದು ಆ ಸಂದಿನೊಳಗೆ ತೂರಿಸಿದರು. ತನ್ನ ಕಸುಬು ಬಲ್ಲವನು ಮಾತಾಡುವ ಬಗೆಯೇ ಬೇರೆ. ಹಾದಿಕ್ ಹೆಸರಾದದ್ದು ಬರ್ಲಿನ್ ಮೇಲಿನ ದಾಳಿಯಿಂದ. ಆ ಕತೆ ಅರ್ಥವಾಗಬೇಕಾದರೆ ಈ ಜೀನು ಮೊದಲು ಅರ್ಥವಾಗಬೇಕು, ಅದನ್ನು ಮೊದಲು ತೋರಿಸಿದ್ದು ಜಾಣತನ.

ಬರ್ಲಿನ್ ಕತೆಗೆ ನಮ್ಮನ್ನು ಕೋಟೆಯ ಪಶ್ಚಿಮದ ಅಂಚಿಗೆ ಕರೆದುಕೊಂಡು ಹೋದರು, ತೋತ್ ಆರ್ಪಾದ್ ನಡೆದಾರಿಗೆ. ಮರದ ನೆರಳು, ಕೆಳಗೆ ಊರು, ಆಚೆ ಬುಡಾ ಗುಡ್ಡಗಳು. ಒಂದು ಕಡೆ ಹಳೇ ಫಿರಂಗಿಗಳು ಸಾಲಾಗಿವೆ. ಗೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದರು.

1757. ಏಳು ವರ್ಷದ ಯುದ್ಧದ ಎರಡನೇ ವರ್ಷ. ಒಂದು ಕಡೆ ವಿಯೆನ್ನಾದ ರಾಣಿ ಮಾರಿಯಾ ತೆರೇಸಾ, ಇನ್ನೊಂದು ಕಡೆ ಪ್ರಷ್ಯಾದ ದೊರೆ ಫ್ರೆಡರಿಕ್, ಅವನ ರಾಜಧಾನಿ ಬರ್ಲಿನ್. ಹಂಗೇರಿಗೆ ಆಗ ಮಾರಿಯಾ ತೆರೇಸಾಳೇ ರಾಣಿ. ಜೂನ್ 18ರಂದು ಕೋಲಿನ್‌ನಲ್ಲಿ ಫ್ರೆಡರಿಕ್ ಸೋತ. ಬೊಹೀಮಿಯಾ, ಅಂದರೆ ಈಗಿನ ಚೆಕ್ ನಾಡು, ಬಿಟ್ಟು ಹಿಂದೆ ಸರಿದ. ಶರತ್ಕಾಲಕ್ಕೆ ಫ್ರೆಂಚರು ಪಶ್ಚಿಮದಿಂದ ಬಂದರು, ಅವರನ್ನು ತಡೆಯಲು ಸೈನ್ಯ ತೆಗೆದುಕೊಂಡು ಆ ಕಡೆ ಓಡಿದ. ಇನ್ನೊಂದು ದೊಡ್ಡ ಪ್ರಷ್ಯನ್ ಸೈನ್ಯ ಪೂರ್ವದಲ್ಲಿ ಸೈಲೀಷಿಯಾ ಕಾಯುತ್ತಿತ್ತು. ನಡುವೆ ಬರ್ಲಿನ್‌ಗೆ ಹೋಗುವ ದಾರಿ ಖಾಲಿ. ಆ ಖಾಲಿ ಜಾಗವನ್ನು ಕಂಡು, ಅದರೊಳಗೆ ನುಗ್ಗಿದವನು ಹಾದಿಕ್.

ಐದು ಸಾವಿರದಷ್ಟು ಜನ ಹೊರಟರು. ಎಲ್ಸ್ಟರ್‌ವೆರ್ಡಾ ಕಡೆಯಿಂದ ಉತ್ತರಕ್ಕೆ. ವಾಪಸ್ ಬರುವ ದಾರಿ ಕಾಯಲು ಅಲ್ಲಲ್ಲಿ ತುಕಡಿ ಬಿಟ್ಟುಕೊಂಡೇ ಮುಂದೆ ಹೋದ. ಬರ್ಲಿನ್ ಮುಟ್ಟುವಾಗ ಹತ್ತಿರ ಇದ್ದದ್ದು ಮೂರೂವರೆ ಸಾವಿರ ಜನ, ಕೆಲವೇ ಸಣ್ಣ ಫಿರಂಗಿ. ಸುಮಾರು ಒಂದು ಲಕ್ಷ ಜನಸಂಖ್ಯೆಯ ರಾಜಧಾನಿಯ ಮುಂದೆ ಇಷ್ಟೇ. ಅವತ್ತು ಅಕ್ಟೋಬರ್ 16. ಅವನ ಹುಟ್ಟುಹಬ್ಬವೂ ಹೌದು, ನಲವತ್ತೇಳು ತುಂಬಿತ್ತು.

ಹಣ ಕೊಡಿ ಅಂತ ನಗರಕ್ಕೆ ಹೇಳಿ ಕಳಿಸಿದ. ಅವರು ಕಾಲ ತಳ್ಳಿದರು. ಸೈಲೀಷಿಯನ್ ಬಾಗಿಲಿಗೆ ಫಿರಂಗಿ ಹಾರಿಸಿ ಒಳಗೆ ನುಗ್ಗಿದ. ನಗರ ಕಾಯುತ್ತಿದ್ದ ರೋಕೋ ಎಂಬ ಜನರಲ್ ಕೈಯಲ್ಲಿ ಸೈನಿಕರಿಗೇನೂ ಬರವಿರಲಿಲ್ಲ. ಎದುರಿಗೆ ಬಂದಿರುವುದು ಎಷ್ಟು ಜನ ಅಂತ ಅವನಿಗೆ ಗೊತ್ತಿರಲಿಲ್ಲ. ರಾಜಮನೆತನದವರನ್ನು ಕರೆದುಕೊಂಡು ಸ್ಪಾಂಡೌ ಕೋಟೆ ಸೇರಿದ. ನಗರದ ಹಿರಿಯರು ಚೌಕಾಸಿಗೆ ಕೂತರು. ಹಾದಿಕ್ ಕೇಳಿದ್ದು ಇನ್ನೂ ಜಾಸ್ತಿ. ಕೊನೆಗೆ 2,00,000 ಥೇಲರ್ ಆಸುಪಾಸಿಗೆ ಒಪ್ಪಂದವಾಯಿತು, ಸೈನಿಕರ ಪಾಲು ಬೇರೆ. ಥೇಲರ್ ಅಂದರೆ ಆಗಿನ ದೊಡ್ಡ ಬೆಳ್ಳಿ ನಾಣ್ಯ.

ಸೈನಿಕರ ಪಾಲನ್ನು ಹೀಗೆ ಬೇರೆಯಾಗಿ ಬರೆಸಿಕೊಂಡದ್ದು ನನಗೆ ಬಹಳ ಹಿಡಿಸಿತು. ನಗರದೊಳಗೆ ಹೋದ ಕುದುರೆ ಸವಾರರನ್ನು ಲೂಟಿಗೆ ಬಿಟ್ಟರೆ ರಾತ್ರಿ ಒಟ್ಟುಗೂಡಿಸಲು ಆಗುವುದಿಲ್ಲ. ಕುಡಿದು ಮಲಗಿರುತ್ತಾರೆ, ಇಲ್ಲವೇ ಗಂಟು ಹೊತ್ತು ಓಡಿರುತ್ತಾರೆ. ಅವರ ದುಡ್ಡು ರಶೀದಿಯಲ್ಲೇ ಬಂದುಬಿಟ್ಟರೆ ಶಿಸ್ತು ಉಳಿಯುತ್ತದೆ. ಗೈಡ್ ಈ ಮಾತನ್ನು ಹೇಳಲಿಲ್ಲ. ನಾನೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹೌದು, ಅವನಿಗೆ ಬೇಗ ಹೊರಡಬೇಕಿತ್ತು" ಅಂದರು. ಮಗಳು ನನ್ನ ತೋಳು ಜಗ್ಗಿದಳು. "ಅಪ್ಪಾ, ಇದು ಇನ್‌ಸ್ಪೆಕ್ಷನ್ ಅಲ್ಲ."

ಬೇಗ ಹೊರಡಬೇಕಿತ್ತು, ನಿಜ. ಆನ್ಹಾಲ್ಟ್-ಡೆಸ್ಸೌ ಮನೆತನದ ಮೊರಿಟ್ಸ್ ರಾಜಕುಮಾರ ಪ್ರಷ್ಯನ್ ಸೈನ್ಯ ಹಿಡಿದುಕೊಂಡು ಬರುತ್ತಿದ್ದ. ಹಾದಿಕ್ ಒಂದು ದಿನ ಕೂಡ ಸರಿಯಾಗಿ ನಿಲ್ಲಲಿಲ್ಲ. ಹಣ ಕಟ್ಟಿಸಿಕೊಂಡ, ಕತ್ತಲಲ್ಲಿ ಜಾಗ ಖಾಲಿ ಮಾಡಿದ, ಸಿಕ್ಕಿಬೀಳದೆ ವಾಪಸ್ ತಲುಪಿದ. ಬರ್ಲಿನ್ ಗೆದ್ದ ಅಂತ ಪ್ರತಿಮೆಯ ಹತ್ತಿರ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅವನ ಹೆಚ್ಚುಗಾರಿಕೆ ಗೆದ್ದದ್ದರಲ್ಲಿಲ್ಲ. ಹೊರಟದ್ದರಲ್ಲಿದೆ. ಇನ್ನೊಂದು ದಿನ ಇದ್ದು ಇನ್ನಷ್ಟು ಕಟ್ಟಿಸಿಕೊಳ್ಳೋಣ ಅನ್ನುವ ಆಸೆ ಯಾರಿಗೆ ಬರುವುದಿಲ್ಲ? ಬಂದಿದ್ದರೆ ಇವತ್ತು ಊರಿ ಬೀದಿಯಲ್ಲಿ ಪ್ರತಿಮೆ ಇರುತ್ತಿರಲಿಲ್ಲ. ಮೂರು ವರ್ಷದ ಮೇಲೆ, 1760ರ ಅಕ್ಟೋಬರ್‌ನಲ್ಲಿ, ರಷ್ಯನ್ನರೂ ಆಸ್ಟ್ರಿಯನ್ನರೂ ಸೇರಿ ಮತ್ತೆ ಬರ್ಲಿನ್ ಹೊಕ್ಕರು. ಆಗ ಬಂದಿದ್ದು ಬಹು ದೊಡ್ಡ ಸೈನ್ಯ. ಜನ ನೆನಪಿಟ್ಟುಕೊಂಡದ್ದು ಮೊದಲಿನದ್ದನ್ನೇ.

ಇನ್ನು ಕೈಗವಸಿನ ಕತೆ. ಈ ಕತೆ ಹೇಳದ ಹಂಗೇರಿಯನ್ ಇಲ್ಲ. ರಾಣಿಗೆ ಉಡುಗೊರೆ ಅಂತ ಹಾದಿಕ್ ಬರ್ಲಿನ್‌ನಿಂದ ಎರಡು ಡಜನ್ ಜೊತೆ ಹೆಂಗಸರ ಕೈಗವಸು ಕೇಳಿದನಂತೆ, ನಗರದ ಮುದ್ರೆ ಒತ್ತಿದ್ದು. ವಿಯೆನ್ನಾಕ್ಕೆ ಹೋಗಿ ಬಿಚ್ಚಿ ನೋಡಿದರೆ ಎಲ್ಲವೂ ಎಡಗೈಯವು! ಜನ ಹೇಳುತ್ತಾ ಬಂದ ಕತೆ ಇದು. ಕತೆಯಾಗಿ ಬಹಳ ಚೆನ್ನಾಗಿದೆ. ಆದರೆ ಗೈಡ್ ಇದನ್ನು ನಡೆದ ಸಂಗತಿ ಅಂತಲೇ, ಥೇಲರ್ ಲೆಕ್ಕ ಹೇಳಿದ ಅದೇ ದನಿಯಲ್ಲಿ ಹೇಳಿದರು. ಟ್ರಂಕ್‌ನಿಂದ ಒಂದು ಎಡಗೈ ಗವಸು ತೆಗೆದು ಬೀಸಿದರು ಬೇರೆ. ಎರಡನೇ ದೂರು ಇದು. ಕತೆಯನ್ನು ಕತೆ ಅಂತ ಹೇಳಿದರೆ ಅದರ ರುಚಿ ಕಡಿಮೆಯಾಗುವುದಿಲ್ಲ. ಸಂಗತಿ ಅಂದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ರಾಣಿ ಕೊಟ್ಟದ್ದರ ಬಗ್ಗೆ ಅನುಮಾನವಿಲ್ಲ. ಕೋಲಿನ್ ಗೆಲುವಿನ ನೆನಪಿಗೆ ತನ್ನದೇ ಹೆಸರಿನಲ್ಲಿ ಅವಳು ಶುರುಮಾಡಿದ ಸೈನಿಕ ಪದಕದ ಅತಿ ದೊಡ್ಡ ದರ್ಜೆ 1758ರಲ್ಲಿ ಹಾದಿಕ್‌ಗೆ ಸಿಕ್ಕಿತು.

ಇಷ್ಟಾಗುವಾಗ ಎರಡು ಗಂಟೆ ಕಳೆದಿತ್ತು. ಕೆಳಗಿಳಿದು ಕ್ಲಾರ್ಕ್ ಆದಾಮ್ ಚೌಕದಲ್ಲಿ 19ನೇ ನಂಬರ್ ಟ್ರಾಮ್ ಹತ್ತಿದೆವು. ಟ್ರಾಮ್ ಟಿಕೆಟ್ ಟೂರ್‌ನಲ್ಲಿ ಸೇರಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ನಮ್ಮ ಜೊತೆಗಿದ್ದ ವಯಸ್ಸಾದ ದಂಪತಿ ಕೊನೇ ಗಳಿಗೆಯಲ್ಲಿ ಮಷೀನ್ ಮುಂದೆ ಒದ್ದಾಡಿದರು. ದಾರಿ ಮಾತ್ರ ಸೊಗಸು, ಡ್ಯಾನ್ಯೂಬ್ ಪಕ್ಕದಲ್ಲೇ. ಗಾರ್ದೊನ್ಯಿ ಚೌಕದಲ್ಲಿ ಇಳಿದರೆ ಬಾರ್ತೋಕ್ ಬೇಲಾ ರಸ್ತೆ, 36ನೇ ನಂಬರ್, ಹಾದಿಕ್ ಕೆಫೆ.

1906ರಲ್ಲಿ ಶುರುವಾದ ಕೆಫೆ. ಹತ್ತಿರದಲ್ಲೇ ಹಾದಿಕ್ ಹೆಸರಿನ ಸೈನಿಕರ ಬ್ಯಾರಕ್ ಇತ್ತು, ಕೆಫೆಗೆ ಹೆಸರು ಬಂದದ್ದು ಅಲ್ಲಿಂದ. ಅಂದರೆ ಈ ಕಾಫಿಗೂ ಜನರಲ್‌ಗೂ ನೇರ ಸಂಬಂಧವೇನೂ ಇಲ್ಲ. ಕಾರಿಂತಿ, ಕೊಸ್ತೊಲಾನ್ಯಿ ಥರದ ದೊಡ್ಡ ಬರಹಗಾರರು ಇಲ್ಲಿ ಕೂತು ಹರಟುತ್ತಿದ್ದರು. ಆಮೇಲೆ ಬಹಳ ಕಾಲ ಮುಚ್ಚಿತ್ತು, 2010ರಲ್ಲಿ ಮತ್ತೆ ತೆರೆಯಿತು. ಕಾಫಿ ಚೆನ್ನಾಗಿತ್ತು, ಕೂರಲು ಹಾಯಾಗಿತ್ತು. ಯಾರೂ ಎಬ್ಬಿಸಲಿಲ್ಲ.

ಮೂರನೇ ದೂರು, ದೊಡ್ಡದು, ಈ ಮೇಜಿನ ಮೇಲಿನದು. 1757ರ ಆ ಒಂದು ದಿನಕ್ಕೆ ಗಂಟೆಗಟ್ಟಲೆ ಕೊಟ್ಟ ಗೈಡ್, ಆಮೇಲಿನ ಮೂವತ್ಮೂರು ವರ್ಷವನ್ನು ಒಂದು ಕಾಫಿ ಆರುವುದರೊಳಗೆ ಮುಗಿಸಿದರು. "ಮುಂದೆ ಫೀಲ್ಡ್ ಮಾರ್ಷಲ್ ಆದ, ಎಂಬತ್ತರ ಹತ್ತಿರ ಸತ್ತ." ಅಷ್ಟೇ. ನಾನು ಬರುವ ಮುಂಚೆ ಓದಿಕೊಂಡು ಬಂದಿದ್ದೆ, ಆದ್ದರಿಂದ ಸುಮ್ಮನಿರಲಾಗಲಿಲ್ಲ.

ಓದುವವರಿಗೆ ಆ ಭಾಗ ಇಲ್ಲಿ ಹೇಳುತ್ತೇನೆ, ಟೂರ್‌ನಲ್ಲಿ ಸಿಗುವುದಿಲ್ಲ. 1764ರ ಜನವರಿಯಲ್ಲಿ ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಮಾದೇಫಾಲ್ವಾ ಹಳ್ಳಿಯಲ್ಲಿ ವಿಯೆನ್ನಾದ ಸೈನ್ಯವೇ ಸೇಕೆಯಿ ಜನರ ಮೇಲೆ ಗುಂಡು ಹಾರಿಸಿತು. ಸೇಕೆಯಿಗಳು ಹಂಗೇರಿಯನ್ ಮಾತಾಡುವವರು. ಬಲವಂತವಾಗಿ ಗಡಿ ಕಾಯುವ ಪಡೆಗೆ ಸೇರಿಸಿಕೊಳ್ಳುವುದನ್ನು ಒಪ್ಪಲಿಲ್ಲ, ಅದೇ ಅವರ ತಪ್ಪು. ಇನ್ನೂರರಷ್ಟು ಜನ ಸತ್ತರು. ಬಹಳ ಮಂದಿ ಬೆಟ್ಟ ದಾಟಿ ಮೊಲ್ಡೇವಿಯಾಕ್ಕೆ ಓಡಿಹೋದರು. ಅದೇ ವರ್ಷ ಟ್ರಾನ್ಸಿಲ್ವೇನಿಯಾದ ಆಡಳಿತಕ್ಕೆ ಬಂದವನು ಹಾದಿಕ್. 1767ರವರೆಗೆ ಅಲ್ಲಿದ್ದ. 1774ರಲ್ಲಿ ಫೀಲ್ಡ್ ಮಾರ್ಷಲ್ ಆದ, ವಿಯೆನ್ನಾದ ಯುದ್ಧ ಮಂಡಳಿಯ ಅಧ್ಯಕ್ಷನೂ ಆದ. ಸಾಯುವವರೆಗೂ ಆ ಕುರ್ಚಿ ಅವನದೇ. ಬುಕೊವಿನಾ ಪ್ರದೇಶ ಸಾಮ್ರಾಜ್ಯಕ್ಕೆ ಸೇರಿದ ಮೇಲೆ, ಓಡಿಹೋಗಿದ್ದ ಆ ಸೇಕೆಯಿಗಳನ್ನು ವಾಪಸ್ ಕರೆಸಿ ಅಲ್ಲಿ ನೆಲೆ ಕೊಟ್ಟರು. ಅದರ ಹಿಂದೆ ಹಾದಿಕ್ ಇದ್ದ. 1780ರ ದಶಕದಲ್ಲಿ ಹೀಗೆ ಹುಟ್ಟಿದ ಎರಡು ಹಳ್ಳಿಗಳಿಗೆ ಜನ ಅವನ ಹೆಸರನ್ನೇ ಇಟ್ಟುಕೊಂಡರು. ಒಂದು ಹಾದಿಕ್‌ಫಾಲ್ವಾ, ಇನ್ನೊಂದು ಆಂದ್ರಾಶ್‌ಫಾಲ್ವಾ. ಎರಡೂ ಈಗ ರೊಮೇನಿಯಾದಲ್ಲಿವೆ, ಬೇರೆ ಹೆಸರಿನಲ್ಲಿ.

ಕೊನೆಯದೂ ಸಣ್ಣ ಸಂಗತಿಯಲ್ಲ. 1789ರಲ್ಲಿ ತುರ್ಕರ ಮೇಲಿನ ಯುದ್ಧಕ್ಕೆ ಮುಖ್ಯ ಸೈನ್ಯದ ದಂಡನಾಯಕ ಯಾರು? ಇವನೇ, ಎಪ್ಪತ್ತೆಂಟರ ಮುದುಕ. ಯುವಕನಾಗಿದ್ದಾಗಲೂ ತುರ್ಕರ ಮೇಲೆ ಯುದ್ಧ ಮಾಡಿದ್ದ, ಐವತ್ತು ವರ್ಷದ ಹಿಂದೆ. ಕಾಯಿಲೆ ಬಿದ್ದು ವಾಪಸಾದ. ಅವನ ಜಾಗಕ್ಕೆ ಬಂದ ಲೌಡನ್ ಆ ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡ್ ಹಿಡಿದ, ಹೆಸರೂ ಅವನಿಗೇ ಬಂತು. ಮಾರಿಯಾ ತೆರೇಸಾಳ ಮಗ ಜೋಸೆಫ್ ಚಕ್ರವರ್ತಿ ಮರುವರ್ಷ ಫೆಬ್ರವರಿ 20ಕ್ಕೆ ಸತ್ತ, ಹಾದಿಕ್ ಮಾರ್ಚ್ 12ಕ್ಕೆ. ಹೂತಿದ್ದು ಫುತಾಕ್‌ನಲ್ಲಿ, ಡ್ಯಾನ್ಯೂಬ್ ದಂಡೆ, ಈಗಿನ ಸರ್ಬಿಯಾ.

ಇದನ್ನೆಲ್ಲ ಗೈಡ್‌ಗೆ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡು ಹಳ್ಳಿಗಳ ವಿಷಯ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. "ಸರ್, ಜನ ಇದನ್ನು ಕೇಳುವುದಿಲ್ಲ. ಬರ್ಲಿನ್ ಆದ ಮೇಲೆ ಫೋನ್ ನೋಡಲು ಶುರು ಮಾಡುತ್ತಾರೆ" ಅಂದರು. ಇರಬಹುದು. ಆದರೆ ಟೂರ್ ಹೆಸರಿನಲ್ಲಿ ಬದುಕು ಅಂತ ಬರೆದ ಮೇಲೆ ಬದುಕನ್ನು ಹೇಳಬೇಕು, ಇಲ್ಲವೇ ಬೋರ್ಡ್ ಬದಲಾಯಿಸಬೇಕು. ಕಾಲು ಗಂಟೆಯ ಫೋಟೋ ಕತ್ತರಿಸಿದರೆ ಟ್ರಾನ್ಸಿಲ್ವೇನಿಯಾಕ್ಕೆ ಸಾಕಾಗುವಷ್ಟು ಸಮಯ ಸಿಗುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಬೆಳಗಿನ ಬ್ಯಾಚ್ ತೆಗೆದುಕೊಳ್ಳಿ, ಹೊತ್ತೇರಿದರೆ ಪ್ರತಿಮೆ ಸುತ್ತ ನಿಲ್ಲಲು ಜಾಗ ಇರುವುದಿಲ್ಲ. ಕೋಟೆಯ ಬೀದಿಗಳಲ್ಲಿ ಕಲ್ಲು ಹಾಸಿದ್ದಾರೆ, ಮೊಣಕಾಲು ನೋವಿರುವವರು ಒಳ್ಳೇ ಬೂಟು ಹಾಕಿಕೊಂಡು ಹೋಗಿ. ಟ್ರಾಮ್ ಟಿಕೆಟ್ ಮೊದಲೇ ಕೊಂಡುಕೊಳ್ಳಿ. ಊಟ ಸೇರಿದ ದುಬಾರಿ ಪ್ಯಾಕೇಜ್ ಒಂದಿದೆ, ಅದು ಬೇಡ, ಕತೆ ಅದರಲ್ಲೂ ಇಷ್ಟೇ ಅಂತ ಗೈಡ್ ತಾವೇ ಒಪ್ಪಿಕೊಂಡರು. ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಕತ್ತಿ ಹಿಡಿಯಲು ಬಿಡುತ್ತಾರೆ.

ನನ್ನ ಮನಸ್ಸಿನಲ್ಲಿದ್ದದ್ದು ಮೂರೂವರೆ ಸ್ಟಾರ್. ಅವರ ಆ್ಯಪ್‌ನಲ್ಲಿ ಅರ್ಧ ಕೊಡಲು ಬರುವುದಿಲ್ಲ. ಮಗಳು ಮೂರು ಒತ್ತಲು ಹೋದಳು. ಫೋನ್ ಇಸಿದುಕೊಂಡು ನಾಲ್ಕು ಒತ್ತಿದೆ, ಆ ಜೀನಿನ ಸಲುವಾಗಿ.